ನೀಲಿಕಡ್ಡಿ ಮೀಮಾಂಸೆ

ಕ್ಯಾಲಿಫೋರ್ನಿಯದಲ್ಲಿ ನೀರಿನ ಬಿಲ್ಲಿಗೆ ಹೆದರಿ ಹುಲ್ಲುಹಾಸು ಕಿತ್ತವರ ಅಂಗಳಗಳಲ್ಲಿ ‘ಬ್ಲೂ ಚಾಕ್‌ಸ್ಟಿಕ್ಸ್’ ಎಂಬ ಗಿಡ ನೆಲ ಮುಚ್ಚಿಕೊಂಡಿದ್ದರೂ ಮೀಮಾಂಸಕರು ಅದರ ಬಗ್ಗೆ ತುಟಿ ಬಿಚ್ಚದಿರುವುದು ಖೇದಕರ. ಆ ಕೊರತೆಯನ್ನು ನೀಗಿಸುವುದು, ಆಗದಿದ್ದರೆ ಹೆಚ್ಚಿಸುವುದು ಈ ಪ್ರಬಂಧದ ಉದ್ದೇಶ.

ಮೊದಲು ವಂಶಾವಳಿ. ತವರು ದಕ್ಷಿಣ ಆಫ್ರಿಕದ ಕೇಪ್ ಸೀಮೆ. ಸೂರ್ಯಕಾಂತಿ, ಸೇವಂತಿಗೆಗಳ ಬಳಗ. ಅದರ ಬಿಳಿಚು ಗುಂಡಿಯಂಥ ಹೂವು ನೋಡಿದವರು ಇದನ್ನು ನಂಬುವುದಿಲ್ಲ. ಲಿನೇಯಸ್ 1767ರಲ್ಲಿ ಕಕೇಲಿಯ ಎಂದ, ಆಮೇಲಿನವರು ಸೆನೆಸಿಯೊ ಎಂದರು, ಈಗಿನವರು ಕ್ಯೂರಿಯೊ ಎನ್ನುತ್ತಿದ್ದಾರೆ. ಮೂರು ನಾಮಕರಣ ಮುಗಿಸಿಯೂ ಗಿಡ ಗೇಣುದ್ದದ ಆಸುಪಾಸಿನಲ್ಲೇ ಇದೆ.

ಇನ್ನು ನೀಲಿಯ ಪ್ರಶ್ನೆ. ಎಲೆ ಅಸಲಿಗೆ ಹಸಿರೇ. ಮೇಲೆ ಕೂತ ಮೇಣದ ಹುಡಿ ಬೆಳಕನ್ನು ಚದುರಿಸಿ ನೀಲಿಯಾಗಿ ಕಾಣಿಸುತ್ತದೆ, ಬಿಸಿಲಿನ ಕಾವನ್ನೂ ತಡೆಯುತ್ತದೆ. ಹೆಬ್ಬೆರಳಿನಿಂದ ಉಜ್ಜಿದರೆ ಹುಡಿ ಹೋಗಿ ಹಸಿರು ಗುರುತು ಉಳಿಯುತ್ತದೆ. ಈ ಪುರಾವೆಯಿಂದ ಅತಿಥಿಗಳನ್ನು ಮೂರಾಗಿ ವಿಂಗಡಿಸಬಹುದು: ಎಲೆ ಹಿಸುಕಿ “ಪ್ಲಾಸ್ಟಿಕ್ಕಾ?” ಎನ್ನುವವರು, “ಪ್ಲಾಸ್ಟಿಕ್ಕಾ?” ಎಂದು ಹಿಸುಕುವವರು, “ಹಿಸುಕಬೇಡಿ” ಎಂದ ಮೇಲೆ ಹಿಸುಕುವವರು. ಕೈ ಕಟ್ಟಿಕೊಂಡು ನೋಡುವ ನಾಲ್ಕನೆಯ ವರ್ಗ ಗ್ರಂಥಗಳಲ್ಲಿದೆ, ಅಂಗಳದಲ್ಲಿಲ್ಲ.

ಶಿಷ್ಟಾಚಾರ ಪ್ರಮಾಣವೂ ಉಂಟು. ಪೋಲೆಂಡಿನ ಆಪೆರಾ ಗಾಯಕಿ ಗನ್ನಾ ವಾಲ್‌ಸ್ಕಾ 1941ರಲ್ಲಿ ಕೊಂಡ ಮಾಂಟೆಸಿಟೊದ ಎಸ್ಟೇಟು ಇಂದಿನ ಲೋಟಸ್‌ಲ್ಯಾಂಡ್. ಅಲ್ಲಿನ ನೀಲಿ ತೋಟದಲ್ಲಿ ದೇವದಾರು ನೀಲಿ, ಹುಲ್ಲು ನೀಲಿ, ನೆಲದ ಮೇಲೆ ನಮ್ಮ ಗಿಡದ ದೊಡ್ಡ ದಾಯಾದಿ ಮ್ಯಾಂಡ್ರಲಿಸ್ಕೆ, ಅದೂ ನೀಲಿ. ಆರು ಮದುವೆಯಾದ ಆಕೆ ಈ ತೋಟದ ಮಟ್ಟಿಗೆ ಏಕನಿಷ್ಠೆ ಪಾಲಿಸಿದರು.

ಕೃಷಿವಿಧಿ ಚಿಕ್ಕದು. ಕಡ್ಡಿ ಮುರಿದು, ಗಾಯ ಒಣಗುವ ತನಕ ನೆರಳಲ್ಲಿಟ್ಟು, ಮರಳು ಬೆರೆತ ಮಣ್ಣಿಗೆ ಅಡಿಗೊಂದರಂತೆ ಊರುವುದು. ನಡುವೆ ಬೋಳಾದರೆ ಉದ್ದ ಬೆಳೆದ ತುದಿಗಳನ್ನು ಕತ್ತರಿಸಿ ಅಲ್ಲೇ ಊರುವುದು. ಅದರ ಮೇಲೆ ಓಡಾಡಕೂಡದು.

ವಾದವಿರುವುದು ನೀರಿನಲ್ಲಿ. ಮಗಳ ಬಾಣಂತನಕ್ಕೆಂದು ಫ್ರೀಮಾಂಟಿಗೆ ಬಂದಿಳಿದ ಅಮ್ಮಂದಿರ ಪೂರ್ವಪಕ್ಷ: “ಅಯ್ಯೋ ಪಾಪ, ಬಾಡ್ತಾ ಇದೆ ಕಣೇ!” ಹಾಗೆಂದವರೇ ಅಕ್ಕಿ ತೊಳೆದ ನೀರನ್ನು ಬುಡಕ್ಕೆ ಸುರಿಯುತ್ತಾರೆ. ಸಿದ್ಧಾಂತ: ಈ ಗಿಡ ಬೆಳೆಯುವುದು ತಂಪು ತಿಂಗಳಲ್ಲಿ, ಬೇಸಿಗೆಯಲ್ಲಿ ಅರೆನಿದ್ದೆ. ನಿದ್ದೆಯಲ್ಲಿದ್ದಾಗ ನೀರು ಕುಡಿಸಿದರೆ ಬುಡ ಕೊಳೆಯುತ್ತದೆ. ಎಷ್ಟು ಪ್ರಮಾಣ ಒಡ್ಡಿದರೂ ಅಮ್ಮಂದಿರು ಒಪ್ಪಲಿಲ್ಲ.

ಕೊನೆಗೆ ಅವರೇ ಕೇಳಿದರು: “ಚಟ್ನಿಗೆ ಬರುತ್ತಾ?”

ಇಲ್ಲ, ನಂಜು ಎಂದೆವು. ಅಂದಿನಿಂದ ಯಾರೂ ನೀರು ಹಾಕಿಲ್ಲ. ಗಿಡ ಬೇಲಿಯ ತನಕ ಹಬ್ಬಿದೆ.