ಉಂಗುರ ಅಡ ಇಟ್ಟ ಶನಿ

ನಕ್ಷತ್ರ ನೋಡುವ ಹವ್ಯಾಸ ಇದೆ ಅಂದರೆ ಬೆಂಗಳೂರಿನ ಜನ ಮೊದಲು ಆಕಾಶ ನೋಡುತ್ತಾರೆ, ಆಮೇಲೆ ನಿಮ್ಮ ಮುಖ ನೋಡುತ್ತಾರೆ, ಕೊನೆಗೆ 'ಪಾಪ' ಅಂದುಕೊಂಡು ಮಾತು ಬದಲಿಸುತ್ತಾರೆ. ಇಂದಿರಾನಗರದವರಾದರಂತೂ ಮುಗಿದೇ ಹೋಯಿತು. ನೂರಡಿ ರಸ್ತೆಯ ಮೇಲಿನ ಆಕಾಶಕ್ಕೆ ರಾತ್ರಿ ಅನ್ನುವುದೇ ಇಲ್ಲ. ಸಂಜೆ ಆದಮೇಲೆ ಬೆಳಗಿನ ತನಕ ಒಂದೇ ಬೂದಿಬಣ್ಣ. ಇಂಥ ಕಡೆ ಟೆಲಿಸ್ಕೋಪು ಸಾಕಿಕೊಂಡಿರುವ ಗೆಳೆಯನೊಬ್ಬ ನನಗಿದ್ದಾನೆ. ನನ್ನ ಹತ್ತಿರ ಇರುವುದು ಒಂದು ಬೈನಾಕ್ಯುಲರು, ಒಂದು ಬಾಯಿ. ಎರಡರಲ್ಲಿ ಬಾಯಿಯ ಸಾಮರ್ಥ್ಯವೇ ಜಾಸ್ತಿ ಅನ್ನುವುದು ಅವನ ಅಭಿಪ್ರಾಯ.

ಅವನದು ಎಂಟಿಂಚಿನ ಡಾಬ್ಸೋನಿಯನ್. ತಳದಲ್ಲಿ 200 ಮಿಲಿಮೀಟರ್ ಅಗಲದ ಕನ್ನಡಿ, ಮೇಲೊಂದು ಉದ್ದನೆಯ ಕೊಳವೆ, ಹೊರಲು ಒಂದು ಮರದ ಪೆಟ್ಟಿಗೆ. ಇಬ್ಬರೂ ಹಿಡಿದುಕೊಂಡು ಮೆಟ್ಟಿಲು ಹತ್ತುವಾಗ ವಾಚ್‌ಮನ್ "ಹೊಸ ಗೀಸರಾ ಸಾರ್?" ಅಂತ ಪ್ರತಿಸಲವೂ ಕೇಳುತ್ತಾನೆ. ಗೆಳೆಯ ಪ್ರತಿಸಲವೂ ವಿವರಿಸುತ್ತಾನೆ. "ಕಣ್ಣಿನ ಪಾಪೆಗಿಂತ ಎಂಟುನೂರು ಪಟ್ಟು ಬೆಳಕು ಹಿಡಿಯುತ್ತೆ ಕಣಯ್ಯ" ಅನ್ನುವುದು ಅವನ ಹೆಮ್ಮೆ. "ಹಿಡಿಯುತ್ತೆ, ಯಾರಿಲ್ಲ ಅಂದ್ರು? ಅದರಲ್ಲಿ ಏಳುನೂರು ಪಟ್ಟು ಎದುರುಗಡೆ ಪಬ್ಬಿಂದು" ಅನ್ನುವುದು ನನ್ನ ಕಾಣಿಕೆ.

ಧ್ರುವನಕ್ಷತ್ರದ ಕಥೆ ಕೇಳಿ. ಯಾವ ಊರಿನ ಅಕ್ಷಾಂಶ ಎಷ್ಟೋ ಆ ಊರಲ್ಲಿ ಧ್ರುವ ಕಾಣುವುದು ಅಷ್ಟೇ ಎತ್ತರದಲ್ಲಿ. ಬೆಂಗಳೂರಿಗೆ 13 ಡಿಗ್ರಿ. ಚಾಚಿದ ಕೈಯ ಒಂದು ಮುಷ್ಟಿ ಹತ್ತು ಡಿಗ್ರಿ ಅಂತ ಲೆಕ್ಕ. ಅಂದರೆ ನಮ್ಮ ಧ್ರುವ ದಿಗಂತದಿಂದ ಒಂದೂಕಾಲು ಮುಷ್ಟಿ ಮೇಲೆ. ಉತ್ತರಕ್ಕೆ ನಾಲ್ಕಂತಸ್ತಿನ ಕಟ್ಟಡ ಎದ್ದರೆ ಧ್ರುವನ ಅಚಲಪದವಿ ಬಿಲ್ಡರ್ ಪಾಲು. ಗೆಳೆಯನ ತಾರಸಿಯಿಂದ ಉತ್ತರಕ್ಕೆ ಕಾಣುವುದು ಮೂರು ನೀರಿನ ಟ್ಯಾಂಕು.

ಹೀಗೆಲ್ಲ ಹೀಯಾಳಿಸಿದರೆ ಅವನು ಇತಿಹಾಸ ಬಿಚ್ಚುತ್ತಾನೆ. 1800ರಲ್ಲಿ, ಅಂದರೆ ಇಲ್ಲಿಗೆ ಬ್ರಿಟಿಷರ ದಂಡು ಬರುವುದಕ್ಕೂ ಒಂಬತ್ತು ವರ್ಷ ಮುಂಚೆ, ಸರ್ವೇಯರ್ ವಿಲಿಯಂ ಲ್ಯಾಂಬ್ಟನ್ ಸರಪಳಿ ಹಿಡಿದು ಅಗರದಿಂದ ಬಾಣಸವಾಡಿವರೆಗೆ ನೆಲ ಅಳೆದ. ಏಳೂವರೆ ಮೈಲಿಗೆ ಚೂರು ಕಡಿಮೆ. ನೆಲ ಅಳೆದರೆ ಸಾಲದು, ನಿಂತ ಜಾಗದ ಅಕ್ಷಾಂಶವೂ ಬೇಕು, ಅದು ನಕ್ಷತ್ರ ನೋಡದೆ ಸಿಕ್ಕುವುದಿಲ್ಲ. ಈಗ ಕಾಕ್ಸ್‌ಟೌನಿನೊಳಗೆ ಸೇರಿಹೋಗಿರುವ ದೊಡ್ಡಗುಂಟೆಯಲ್ಲಿ ಅವನ ಠಾಣೆ ಇತ್ತು. "ಇದು ನಕ್ಷತ್ರದ ಏರಿಯಾ ಕಣಯ್ಯ!" ಅಂತ ಗೆಳೆಯ ಎದೆಯುಬ್ಬಿಸುತ್ತಾನೆ. ನಾನು ಹೇಳುತ್ತೇನೆ: "ಲ್ಯಾಂಬ್ಟನ್‌ಗೇನು, ಆಗ ಲೈಟೂ ಇರಲಿಲ್ಲ, ಲೇಔಟೂ ಇರಲಿಲ್ಲ."

ನಿಜ ಏನೆಂದರೆ ಕತ್ತಲೆ ನಮ್ಮನ್ನು ಬಿಟ್ಟು ಹಳೇ ಮದ್ರಾಸ್ ರಸ್ತೆ ಹಿಡಿದು ಹೋಗಿಬಿಟ್ಟಿದೆ. ಹಲಸೂರು ದಾಟಿತು, ಕೆ.ಆರ್. ಪುರದ ತೂಗುಸೇತುವೆ ದಾಟಿತು, ಹೊಸಕೋಟೆಯಲ್ಲೂ ನಿಲ್ಲಲಿಲ್ಲ. ಕೋರಮಂಗಲದಲ್ಲಿ ಕಚೇರಿ ಇಟ್ಟುಕೊಂಡಿರುವ ಭಾರತೀಯ ಖಭೌತ ಸಂಸ್ಥೆಯವರೇ ತಮ್ಮ 2.34 ಮೀಟರಿನ ವೈನು ಬಾಪು ದೂರದರ್ಶಕವನ್ನು ಇಟ್ಟಿರುವುದು ತಮಿಳುನಾಡಿನ ಕಾವಲೂರಿನಲ್ಲಿ, ಜವ್ವಾದಿ ಬೆಟ್ಟದ ಮೇಲೆ.

ಆದರೂ ತಾರಸಿಯನ್ನು ಬಿಡುವ ಹಾಗಿಲ್ಲ. ಯಾಕೆಂದು 2025ರ ನವೆಂಬರಿನ ಒಂದು ಶನಿವಾರ ನೋಡಬೇಕಿತ್ತು. ಶನಿ ನೆತ್ತಿಯ ಹತ್ತಿರ ಬಂದಿದ್ದ. ಗೆಳೆಯ ಇಡೀ ಬಿಲ್ಡಿಂಗಿಗೆ 'ಉಂಗುರ ತೋರಿಸ್ತೀನಿ ಬನ್ನಿ' ಅಂತ ಡಂಗುರ ಹೊಡೆದಿದ್ದ. ಮೊದಲು ಬಗ್ಗಿದವರು ಕೆಳಗಿನ ಮನೆಯ ಅಜ್ಜಿ.

"ಗುಂಡಗಿದ್ದಾನೆ. ಉಂಗುರ ಎಲ್ಲಪ್ಪಾ?"

"ಇದೆ ಅಜ್ಜಿ, ಈ ವರ್ಷ ಅದರ ಅಂಚು ನಮ್ಮ ಕಡೆಗಿದೆ."

"ಅಡ ಇಟ್ಟಿದ್ದಾನೆ ಅನ್ನು. ಚಿನ್ನದ ರೇಟು ಹಾಗಿದೆ."

ಗೆಳೆಯ ಪಾಪ ಪಾಠಕ್ಕಿಳಿದ. ಉಂಗುರದ ಅಡ್ಡಳತೆ ಎರಡೂಮುಕ್ಕಾಲು ಲಕ್ಷ ಕಿಲೋಮೀಟರಿನ ಆಸುಪಾಸು. ದಪ್ಪ ಮಾತ್ರ ಬಹುಪಾಲು ಕಡೆ ಬರೀ ಹತ್ತಾರು ಮೀಟರು. ಸುಮಾರು ಹದಿನೈದು ವರ್ಷಕ್ಕೊಮ್ಮೆ ನಾವು ಅದರ ಅಂಚಿನ ನೇರಕ್ಕೆ ಬರುತ್ತೇವೆ. 2025ರ ಮಾರ್ಚ್ 23ಕ್ಕೆ ಹಾಗೆ ಬಂದೆವು, ನವೆಂಬರಿನಲ್ಲಿ ಮತ್ತೆ ಹತ್ತಿರ ಹತ್ತಿರ ಅದೇ ಸ್ಥಿತಿ. ದಾರಕ್ಕೆ ಪೋಣಿಸಿದ ಒಂಟಿ ಮಣಿಯ ಹಾಗೆ ಕಾಣುತ್ತಿದ್ದ ಶನಿಯನ್ನು ಅಜ್ಜಿ ಇನ್ನೊಮ್ಮೆ ನೋಡಿ, "ಬಿಡಿಸಿಕೊಂಡ ಮೇಲೆ ಕರಿ" ಎಂದು ಇಳಿದುಹೋದರು.

ಮೂರನೇ ಮಹಡಿಯವರು ಕೈಮುಗಿದು ದೂರವೇ ನಿಂತಿದ್ದರು. ಸಾಡೇಸಾತ್ ನಡೀತಿದೆಯಂತೆ. "ಅವನ ದೃಷ್ಟಿ ನಿಮ್ಮ ಮೇಲೆ ಬಿದ್ದರೆ ತಾನೇ ಸಾರ್ ತೊಂದರೆ? ಇವತ್ತು ನಿಮ್ಮ ದೃಷ್ಟಿ ಅವನ ಮೇಲೆ" ಎಂದೆ. ಧೈರ್ಯ ಬಂದು ಕಣ್ಣಿಟ್ಟರು. ಅಲ್ಲಿಂದ ಬೆಳಕು ಬರಲು ಒಂದೂಕಾಲು ಗಂಟೆ ಹಿಡಿಯುತ್ತೆ ಅಂತ ಗೆಳೆಯ ಹೇಳಿದ್ದೇ ತಡ, "ಹಾಗಾದ್ರೆ ಕಷ್ಟವೂ ಅಷ್ಟೇ ಲೇಟಾಗಿ ಬರುತ್ತಾ?" ಅಂತ ಕೇಳಿದರು. ಗೆಳೆಯನ ಹತ್ತಿರ ಉತ್ತರ ಇರಲಿಲ್ಲ. ಅಷ್ಟರಲ್ಲಿ "ಅಯ್ಯೋ, ಶನಿ ಓಡಿಹೋಯ್ತು!" ಎಂದರು. ಓಡಿದ್ದು ಶನಿಯಲ್ಲ, ಭೂಮಿ. 120 ಪಟ್ಟು ಹಿಗ್ಗಿಸಿದರೆ ಭೂಮಿ ತಿರುಗುವ ರಭಸಕ್ಕೆ ಎರಡು ನಿಮಿಷದೊಳಗೆ ಗ್ರಹ ಕಿಟಕಿ ದಾಟಿಬಿಡುತ್ತದೆ. ಶನಿ ಬಿಟ್ಟುಹೋದನಲ್ಲ ಅಂತ ಬೇಜಾರು ಮಾಡಿಕೊಂಡ ಮೊದಲ ಮನುಷ್ಯ ಅವರೇ ಇರಬೇಕು.

ಕಾವಲೂರಿನಲ್ಲಿ ಇಂಥದ್ದು ಸಿಕ್ಕುತ್ತದೆಯೇ? ಅಲ್ಲಿ ನಕ್ಷತ್ರಗಳುಂಟು, ಅಜ್ಜಿ ಇಲ್ಲ. ಬೆಂಗಳೂರಿನ ಬೆಳಕು ಗೆಲಾಕ್ಸಿಗಳನ್ನೆಲ್ಲ ನುಂಗಿ ಚಂದ್ರ, ಗುರು, ಶನಿಯನ್ನಷ್ಟೇ ಉಳಿಸಿದೆ. ಮಾತು ಹುಟ್ಟಿಸುವವರೂ ಅವರೇ. ಶಿವಾಜಿನಗರದಲ್ಲಿ ರಂಜಾನ್ ಮುಗಿಯುವ ಸಂಜೆ ಒಬ್ಬರು ಎಳೆಚಂದ್ರನ ಕಡೆ ಬೆರಳು ತೋರಿಸಿದರೆ ಬೀದಿಗೆ ಬೀದಿಯೇ ಕತ್ತೆತ್ತುತ್ತದೆ. ಒಬ್ಬರು ತೋರಿಸಬೇಕು, ಇನ್ನೊಬ್ಬರು "ಎಲ್ಲಿ? ಎಲ್ಲಿ?" ಅನ್ನಬೇಕು, ಆಕಾಶ ನೋಡುವುದು ಅಂದರೆ ಮುಕ್ಕಾಲು ಪಾಲು ಇಷ್ಟೇ.

ಇದನ್ನು ಚೆನ್ನಾಗಿ ಅರಿತವನು ಈ ಟೆಲಿಸ್ಕೋಪಿಗೆ ಹೆಸರು ಕೊಟ್ಟ ಜಾನ್ ಡಾಬ್ಸನ್. ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಮಠದಲ್ಲಿ, ನಮ್ಮ ಹಲಸೂರಿನಲ್ಲೂ ಮಠವಿರುವ ಅದೇ ರಾಮಕೃಷ್ಣ ಪರಂಪರೆಯಲ್ಲಿ, 1944ರಿಂದ ಸನ್ಯಾಸಿಯಾಗಿದ್ದವನು. ಹಡಗಿನ ಕಿಟಕಿಗಾಜು ತಿಕ್ಕಿ ಕನ್ನಡಿ ಮಾಡಿ, ದಾರಿಹೋಕರನ್ನು ಕರೆಕರೆದು ಚಂದ್ರನನ್ನು ತೋರಿಸುತ್ತಿದ್ದ. ಮಠದ ಕೆಲಸಕ್ಕಿಂತ ಇದೇ ಹೆಚ್ಚಾಯಿತೆಂದು 1967ರಲ್ಲಿ ಹೊರಗೆ ಕಳಿಸಿದರು. ಮರುವರ್ಷವೇ ಅವನ ಬೀದಿಬದಿಯ ಖಗೋಳ ಬಳಗ ಶುರುವಾಯಿತು.

ಸನ್ಯಾಸಿಗೇ ಈ ಗತಿಯಾದರೆ ಸಂಸಾರಿಯ ಪಾಡೇನು ಅಂತ ಗೆಳೆಯನ ಮನೆಯವರನ್ನು ಕೇಳಿದೆ. "ಎಂಟಿಂಚಿನ ತನಕ ಸುಮ್ನಿದೀನಿ ಅಣ್ಣ. ಹತ್ತಿಂಚು ಅಂದ ದಿನ ಅದೂ ಅವರೂ ತಾರಸಿಯಲ್ಲೇ" ಎಂದರು. ಗೆಳೆಯ ಆಗಲೇ ಅಲ್ಲೊಂದು ಚಾಪೆ ಹಾಸಿಟ್ಟಿದ್ದಾನೆ.