ಡಿಕ್ಕಿ ಮೀಮಾಂಸೆ

ಶಾಸ್ತ್ರಕ್ಕೆ ಕೈ ಹಚ್ಚುವ ಮೊದಲು ಅದಕ್ಕೆ ಅಧಿಕಾರಿ ಯಾರೆಂದು ಹೇಳಿಬಿಡುವುದು ನಮ್ಮ ಹಿರಿಯರ ಪದ್ಧತಿ. ಒಂದು ಲಕ್ಷ ದಾಟದ ಬಜೆಟ್ಟು. ಮನೆಯಲ್ಲಿ ಐದು ಮಂದಿ. ಊರಿಂದ ಹೊರಡುವಾಗ ಬೇಡ ಬೇಡವೆಂದರೂ ಗಾಡಿ ಹತ್ತುವ ಎರಡು ಹಲಸಿನಹಣ್ಣು, ಅರ್ಧ ಮೂಟೆ ಅಕ್ಕಿ, ಒಂದು ಉಪ್ಪಿನಕಾಯಿ ಜಾಡಿ. ಎಸ್‌ಯುವಿ ಕೊಳ್ಳಲಾಗದ ಬಡತನ. ಆಮ್ನಿ ಕೊಳ್ಳಲೊಲ್ಲದ ಬಿಂಕ. ಈ ಐದು ಲಕ್ಷಣಗಳು ಒಬ್ಬನಲ್ಲೇ ಕೂಡಿದರೆ ಅವನು ಸೆಕೆಂಡ್ ಹ್ಯಾಂಡ್ ಎಸ್ಟೇಟ್ ಕಾರಿನ ಜಿಜ್ಞಾಸು. ಉಳಿದವರು ಪುಟ ತಿರುವಬಹುದು.

ಇನ್ನು ವಿಷಯ. ಎಸ್ಟೇಟ್ ಕಾರನ್ನು ಕಂಡೇ ಇರದವರಿಗೆ ಉಪಮಾನ ಪ್ರಮಾಣವೇ ಗತಿ. ಹಸುವನ್ನಷ್ಟೇ ಬಲ್ಲವನಿಗೆ ಕಾಡಿನ ಗವಯವೂ ಹೆಚ್ಚುಕಮ್ಮಿ ಹಸುವಿನಂತೆಯೇ ಇರುತ್ತದೆಂದು ನೈಯಾಯಿಕರು ಹೇಳಿ ಕಳಿಸುತ್ತಾರಷ್ಟೆ. ಹಾಗೆಯೇ ಇದೂ ಸೆಡಾನಿನಂತೆ. ಚಾವಣಿ ಮಾತ್ರ ಎಲ್ಲೂ ಇಳಿಯದೆ ಹಿಂದಿನ ಬಂಪರಿನ ತನಕ ಸಾಗುತ್ತದೆ. ನಮ್ಮ ದೇಶದಲ್ಲಿ ಈ ಗವಯಗಳ ಸಂತತಿ ಬೆಳೆಯಲಿಲ್ಲ. 1992ರಲ್ಲಿ ಪಿಕಪ್ಪಿನ ಅಡಿಪಾಯದ ಮೇಲೆ ಎದ್ದ ಟಾಟಾ ಎಸ್ಟೇಟ್ ಬಂತು, 1948 ಸಿಸಿ ಡೀಸೆಲ್ಲು. ಆಮೇಲೆ ಮಾರುತಿ ಬಲೆನೊ ಆಲ್ಟುರಾ, ಓಪೆಲ್ ಕೋರ್ಸಾ ಸ್ವಿಂಗ್, ಸ್ಕೋಡಾ ಆಕ್ಟೇವಿಯಾ ಕಾಂಬಿ. 2004ರಲ್ಲಿ ಟಾಟಾ ಇಂಡಿಗೊ ಮರೀನಾ. ಯಾವುದೂ ಬಾಳಲಿಲ್ಲ. ಡಿಕ್ಕಿ ಬೇರೆಯಾಗಿ ಹೊರಗೆ ಚಾಚಿರದ ಕಾರು ಬೀಗರ ಮನೆ ಮುಂದೆ ನಿಂತರೆ ‘ವ್ಯಾನಲ್ಲಿ ಬಂದ್ರು’ ಎನ್ನಿಸಿಕೊಳ್ಳುತ್ತದೆ. ಈ ಅಪವಾದದಿಂದಲೇ ಅದಕ್ಕೆ ಬೆಲೆಯಿಲ್ಲ, ಬೆಲೆಯಿಲ್ಲವೆಂದೇ ನಮಗೆ ಅದರ ಮೇಲೆ ಕಣ್ಣು.

ಪ್ರತ್ಯಕ್ಷ ಪ್ರಮಾಣವನ್ನು ಮೊದಲೇ ತಳ್ಳಿಹಾಕುತ್ತೇನೆ. ಪಾಲಿಶ್ ಮಾಡಿದ ಬಾನೆಟ್ಟು, ಹೊಸ ಸೀಟ್ ಕವರು, ಡ್ಯಾಶ್‌ಬೋರ್ಡಿನ ಗಣಪ, ಎಲ್ಲವೂ ನಮ್ಮ ಕಣ್ಣಿಗೆಂದೇ ಏರ್ಪಾಡಾದವು. ಕಣ್ಣು ನೆಚ್ಚಬಹುದಾದದ್ದು ಟೈರಿನ ಪಕ್ಕೆಯಲ್ಲಿ ಒತ್ತಿರುವ ನಾಲ್ಕಂಕಿಯನ್ನು. 2319 ಎಂದಿದ್ದರೆ ಅದು 2019ರ 23ನೇ ವಾರ ಹುಟ್ಟಿದ ಟೈರು. ‘ಹೋದ ತಿಂಗಳು ಹಾಕ್ಸಿದ್ದು ಸಾರ್’ ಎಂಬುದು ಅರ್ಥವಾದ.

ಅನುಮಾನದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎನ್ನುವುದು ತರ್ಕದ ಮೊದಲ ಪಾಠ. ಆದರೆ ಹೊಗೆ ಯಾವ ಬಣ್ಣದ್ದೆಂದು ಯಾವ ತಾರ್ಕಿಕನೂ ವಿಚಾರಿಸಿದಂತಿಲ್ಲ. ಅವರಾರೂ ಗಾಡಿ ಕೊಂಡವರಲ್ಲ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ, ಪಿಸ್ಟನ್ ರಿಂಗೋ ವಾಲ್ವ್ ಸೀಲೋ ಸವೆದಿದೆ. ಕಪ್ಪಾದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಏರ್ ಫಿಲ್ಟರಿನ ಕೊಳೆಯಷ್ಟೇ ಇರಬಹುದು, ಗಾಬರಿ ಬೇಡ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟು ಒಳನುಗ್ಗುತ್ತಿದೆ, ಹೆಡ್ ಗ್ಯಾಸ್ಕೆಟ್ಟಿಗೆ ತರ್ಪಣ. ಆಯಿಲ್ ತುಂಬುವ ಮುಚ್ಚಳ ಬಿಚ್ಚಿದಾಗ ಅದರ ಒಳಗೆ ಕಾಫಿ ಬಣ್ಣದ ಮಡ್ಡಿ ಮೆತ್ತಿಕೊಂಡಿದ್ದರೂ ಇದೇ ಸಂಶಯ. ಇಷ್ಟೆಲ್ಲಕ್ಕೂ ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ನೋಡಬೇಕು. ನಾವು ಹೋಗುವಷ್ಟರಲ್ಲಿ ಬಾನೆಟ್ ಬೆಚ್ಚಗಿದ್ದರೆ, ಯಾರೋ ಆಗಲೇ ಕೆಮ್ಮಿಸಿ ಕಫ ತೆಗೆದಿದ್ದಾರೆಂದು ತಿಳಿಯುವುದು. ಶಾಸ್ತ್ರದಲ್ಲಿ ಇದಕ್ಕೆ ಹೇತ್ವಾಭಾಸವೆಂದು ಹೆಸರು.

ಅರ್ಥಾಪತ್ತಿಯ ದೇವದತ್ತ ಎಲ್ಲರಿಗೂ ಗೊತ್ತು. ಹಗಲೆಲ್ಲ ಉಪವಾಸವಿದ್ದೂ ಮೈ ತುಂಬಿಕೊಂಡಿದ್ದಾನೆ. ಆದ್ದರಿಂದ ರಾತ್ರಿ ಉಣ್ಣುತ್ತಾನೆ. 2006ರ ಮರೀನಾ, ಮೀಟರಿನಲ್ಲಿ 62,000 ಕಿಲೋಮೀಟರ್. ಆದರೆ ಕ್ಲಚ್ ಪೆಡಲಿನ ರಬ್ಬರು ಸವೆದು ಕಬ್ಬಿಣ ಇಣುಕುತ್ತಿದೆ, ಸ್ಟೀರಿಂಗು ನುಣ್ಣಗಾಗಿ ಹೊಳೆಯುತ್ತಿದೆ, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ಕುಸಿದಿದೆ. ಹಾಗಾದರೆ ಈ ದೇವದತ್ತ ರಾತ್ರಿ ಹೊತ್ತು ಏರ್‌ಪೋರ್ಟಿಗೆ ಹೋಗಿಬರುತ್ತಿದ್ದ ಎಂದೇ ಸಿದ್ಧ.

ಶಬ್ದ ಪ್ರಮಾಣವೆಂದರೆ ದಲ್ಲಾಳಿಯ ಮಾತು. ‘ಡಾಕ್ಟರ್ ಓಡಿಸಿದ ಗಾಡಿ, ಸಿಂಗಲ್ ಓನರ್.’ ರಾಜ್ಯದಲ್ಲಿ ಬಿಕರಿಗಿರುವ ಹಳೇ ಗಾಡಿಗಳಷ್ಟು ಡಾಕ್ಟರುಗಳು ನಿಜಕ್ಕೂ ಇದ್ದಿದ್ದರೆ ಆಸ್ಪತ್ರೆಯಲ್ಲಿ ನಾವು ಟೋಕನ್ ಹಿಡಿದು ಕೂರಬೇಕಿರಲಿಲ್ಲ. ಆಪ್ತವಾಕ್ಯವೆನಿಸುವುದು ಆರ್‌ಸಿ ಒಂದೇ. ಖಾಸಗಿ ಕಾರಿನ ನೋಂದಣಿಗೆ ಹದಿನೈದು ವರ್ಷ ಆಯುಸ್ಸು, ಅನಂತರ ಐದೈದು ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಿ ನವೀಕರಣ. ಮರೀನಾಗಳೆಲ್ಲ ಈ ಗಡಿ ದಾಟಿದವೇ. 2022ರ ಏಪ್ರಿಲ್‌ನಿಂದ ನವೀಕರಣದ ಶುಲ್ಕ 5,000 ರೂಪಾಯಿ. ಇಪ್ಪತ್ತು ದಾಟಿದ ಕಾರಿಗೆ ಅದನ್ನು 2025ರಲ್ಲಿ 10,000ಕ್ಕೆ ಏರಿಸಿದರು. ಹಸಿರು ತೆರಿಗೆ ಬೇರೆ. ‘ಎಫ್‌ಸಿ ಒಂದು ಬಾಕಿ ಇದೆ, ನೀವೇ ಮಾಡಿಸ್ಕೊಳ್ಳಿ’ ಎಂದರೆ ಅಷ್ಟನ್ನೂ ಬೆಲೆಯಲ್ಲಿ ಮುರಿಯಬೇಕು. ಸಾಲದ ನಮೂದಿದ್ದರೆ ಫಾರಂ 35, ಹೆಸರು ಬದಲಾವಣೆಗೆ 29 ಮತ್ತು 30. ಕೆಎ-19, ಕೆಎ-20 ಎಂದು ಆರಂಭವಾಗುವ ನಂಬರಾದರೆ ಜಾಕ್ ಹಾಕಿ ಅಡಿಯಲ್ಲಿ ತೂರಿ ನೋಡಬೇಕು. ಮಂಗಳೂರು, ಉಡುಪಿಯ ಉಪ್ಪುಗಾಳಿ ಬಣ್ಣದ ಹಿಂದಿನಿಂದ ಕೆಲಸ ಶುರು ಮಾಡುತ್ತದೆ.

ಈಗ ಅನುಪಲಬ್ಧಿ. ವಸ್ತು ಸಿಗದಿರುವುದರಿಂದಲೇ ಅದು ಇಲ್ಲವೆಂದು ತಿಳಿಯುವ ಈ ಆರನೇ ಪ್ರಮಾಣವನ್ನು ಭಾಟ್ಟ ಮೀಮಾಂಸಕರು ಒಪ್ಪುತ್ತಾರೆ, ನೈಯಾಯಿಕರು ಒಪ್ಪುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಮರೀನಾದ ಹಿಂಬಾಗಿಲ ಗಾಜು ಕೇಳಿದ್ದರೆ ಅವರೂ ಒಪ್ಪುತ್ತಿದ್ದರು.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ: ಆಲ್ಟುರಾವೇ ಮೇಲಲ್ಲವೆ? 1.6 ಲೀಟರಿನ ಪೆಟ್ರೋಲ್ ಎಂಜಿನ್ನು, ಓಡಿಸಲು ಸುಖ. ಸುಖವೇನೋ ನಿಜ. ಆದರೆ ಮಾರುತಿಯವರು ಬಲೆನೊ ಎಂಬ ಹೆಸರನ್ನು 2015ರಲ್ಲಿ ಇನ್ನೊಂದು ಕಾರಿಗೆ ಇಟ್ಟುಬಿಟ್ಟಿದ್ದಾರೆ; ಅಂಗಡಿಯ ಹುಡುಗ ಆ ಕಾರಿನ ಸಾಮಾನು ತಂದು ಮುಂದಿಟ್ಟು, ‘ಸರಿಯಾಗೇ ಹೇಳಿ ಸಾರ್’ ಎಂದು ನಮ್ಮನ್ನೇ ಗದರುತ್ತಾನೆ. ಓಪೆಲ್ಲಂತೂ 2006ರಲ್ಲೇ ಇಲ್ಲಿಂದ ಗಂಟುಮೂಟೆ ಕಟ್ಟಿತು. ಮರೀನಾದ ಮುಂಭಾಗ ಹಾಗಲ್ಲ. ಅದು ಇಂಡಿಗೊ; ಇಂಡಿಗೊದ ಮೂಲ 1998ರ ಇಂಡಿಕಾ; ಇಂಡಿಕಾ ಎಂದರೆ ನಾಡಿನ ಟ್ಯಾಕ್ಸಿ. 1405 ಸಿಸಿ ಡೀಸೆಲ್ ಎಂಜಿನ್ ಗಲಾಟೆ ಮಾಡುತ್ತದೆ, ನಿಜ. ಆದರೆ ಶಿರಾ ಹತ್ತಿರ ರಾತ್ರಿ ಕೆಟ್ಟು ನಿಂತರೂ ಅದನ್ನು ಬಿಚ್ಚಿ ಗೊತ್ತಿರುವವನು ಯಾರಾದರೂ ಸಿಗುತ್ತಾನೆ. ನನ್ನ ಮಟ್ಟಿಗೆ ನಂಬಿಕಸ್ಥ ಗಾಡಿಯೆಂದರೆ ಇಷ್ಟೇ. ಹಿಂದಿನ ಅರ್ಧ ಮಾತ್ರ ಅನಾಥ. ಟೈಲ್ ಲ್ಯಾಂಪು, ಹಿಂಬಾಗಿಲು, ಅದರ ಗಾಜು ಒಡೆದರೆ ಗುಜರಿಯಲ್ಲಿ ಇನ್ನೊಂದು ಮರೀನಾ ಸಾಯುವ ತನಕ ಕಾಯಬೇಕು. ಲೋಕವೆಲ್ಲ ಬಾನೆಟ್ ಎತ್ತಿ ನೋಡುವಾಗ ನಮ್ಮ ಜಿಜ್ಞಾಸು ಹಿಂದಕ್ಕೆ ನಡೆಯತಕ್ಕದ್ದು.

ಅಲ್ಲಿ ವಿಧಿ ಹೀಗಿದೆ. ಹಿಂಬಾಗಿಲು ಎತ್ತಿ ಕೈ ಬಿಡಬೇಕು; ಅದರ ಗ್ಯಾಸ್ ಸ್ಟ್ರಟ್ಟು ಸತ್ತಿದ್ದರೆ ತಲೆಯೇ ತಿಳಿಸುತ್ತದೆ. ಕಾರ್ಪೆಟ್ ಸರಿಸಿ ಸ್ಟೆಪ್ನಿ ಗುಂಡಿಯಲ್ಲಿ ನೀರು ನಿಂತ ಗುರುತು ಹುಡುಕಬೇಕು. ಕೊನೆಗೆ ಹಿಂದಿನ ಸೀಟು ಮಡಚಿ, ಒಳಗೆ ಅಂಗಾತ ಮಲಗಿ, ಬಾಗಿಲು ಮುಚ್ಚಿಸಿಕೊಂಡು, ಯಾವ ಸಂದಿಯಿಂದ ಬೆಳಕು ಬರುತ್ತದೆಂದು ನೋಡಬೇಕು. ಜೊತೆಗೆ ಬಂದ ಭಾವಮೈದ ಹೊರಗಿನಿಂದ ಒಂದು ಬಕೆಟ್ ನೀರು ಸುರಿಯಬೇಕು. ಮಲಗುವ ಮುಂಚೆ ಗಾಡಿಯ ಕೀಲಿಯನ್ನು ದಲ್ಲಾಳಿಯ ಕೈಯಿಂದ ಇಸಿದುಕೊಳ್ಳತಕ್ಕದ್ದು. ಈ ವಿಷಯದಲ್ಲಿ ಆಚಾರ್ಯರೊಳಗೆ ಭಿನ್ನಾಭಿಪ್ರಾಯವಿಲ್ಲ.