ಇರುವೆಯ ಬಡನಡು: ಒಂದು ಒತ್ತುವರಿ ಮೀಮಾಂಸೆ

ಕೀಟಕ್ಕೆ ಮೂರು ಭಾಗ: ತಲೆ, ಎದೆ, ಹೊಟ್ಟೆ. ಶಾಲಾಪಠ್ಯದ ಈ ಮತವನ್ನು ಜಿರಲೆಯ ಮಟ್ಟಿಗೆ ಒಪ್ಪಲು ಪ್ರಬಂಧಕಾರನಿಗೂ ಅಡ್ಡಿಯಿಲ್ಲ. ಇರುವೆಯ ವಿಷಯದಲ್ಲಿ ಮಾತ್ರ ಈ ಪಹಣಿ ಊರ್ಜಿತವಲ್ಲ.

ಪೂರ್ವಪಕ್ಷ ಇಷ್ಟು: ಇರುವೆಯ ನಡು ಸಣ್ಣದು, ಅದರ ಮುಂದಿನದು ಎದೆ, ಹಿಂದಿನದು ಹೊಟ್ಟೆ. ಬಡನಡು ಕಂಡೊಡನೆ ಮೈಮರೆಯುವ ಕವಿಪರಂಪರೆಯವರಾದ ನಮ್ಮಿಂದ ಇದಕ್ಕಿಂತ ಕಟ್ಟುನಿಟ್ಟಾದ ಅಳತೆ ಸಾಧ್ಯವೂ ಇರಲಿಲ್ಲ.

ಸರ್ವೆ ಬೇರೆಯೇ ಹೇಳುತ್ತದೆ. ಎದೆಯ ಹಕ್ಕಿನದು ಮೂರೇ ಖಂಡ. ಪ್ರತಿಯೊಂದಕ್ಕೂ ಒಂದು ಜೊತೆ ಕಾಲು. ಇರುವೆಯಲ್ಲಿ ಇವುಗಳ ಬೆನ್ನಿಗೆ ಕಾಲಿಲ್ಲದ ನಾಲ್ಕನೆಯದೊಂದು ಏನೂ ಅರಿಯದಂತೆ ಅಂಟಿಕೊಂಡಿದೆ. ಅದು ಮೂಲತಃ ಹೊಟ್ಟೆಯ ಮೊದಲ ಖಂಡ: ಪ್ರೊಪೋಡಿಯಮ್ ಉರುಫ್ ಎಪಿನೋಟಮ್ ಉರುಫ್ ಲಾತ್ರೇಯ್ ಖಂಡ. (ಫ್ರಾನ್ಸಿನ ಈ ಲಾತ್ರೇಯ್, 1762–1833, ಕ್ರಾಂತಿಯ ಕಾಲದಲ್ಲಿ ಸೆರೆಬಿದ್ದು ಒಂದು ಜೀರುಂಡೆಯ ದೆಸೆಯಿಂದ ಬಿಡುಗಡೆ ಕಂಡವನು. ಕೀಟಗಳ ವ್ಯಾಜ್ಯದಲ್ಲಿ ಆತನನ್ನು ನಿಷ್ಪಕ್ಷಪಾತ ಸಾಕ್ಷಿ ಎನ್ನಲಾಗದು.) ಅದರ ಎರಡೂ ಮಗ್ಗುಲಲ್ಲಿರುವ ಉಸಿರುರಂಧ್ರಗಳು ಹೊಟ್ಟೆಯವರು ನೆಟ್ಟ ಬಾಂದುಕಲ್ಲುಗಳು, ಎದೆ ಅವನ್ನಿನ್ನೂ ಕಿತ್ತಿಲ್ಲ. ಮರಿಹುಳುವಿನಲ್ಲಿ ಈ ಖಂಡ ಹೊಟ್ಟೆಯ ಸಾಲಿನಲ್ಲೇ ಇರುತ್ತದೆ. ಒತ್ತುವರಿ ನಡೆಯುವುದು ಕೋಶಾವಸ್ಥೆಯಲ್ಲಿ, ಅಂದರೆ ಬಾಗಿಲು ಹಾಕಿಕೊಂಡು. ಜೇನು, ಕಣಜಗಳೂ ಸಹ ಆರೋಪಿಗಳೇ.

ಹಾಗಾದರೆ ಆ ನಡು? ಅದು ಹೊಟ್ಟೆಯ ಎರಡನೆಯ ಖಂಡ, ಪೆಟಿಯೋಲ್. ಅದು ಬಡಕಲಾದದ್ದರಿಂದಲೇ ಹಿಂಬದಿ ಬೇಕಾದತ್ತ ತಿರುಗುತ್ತದೆ. ಚಟ್ನಿಯಾಸೆಗೆ ಚಗಳಿ ಇರುವೆಯ ಗೂಡಿಗೆ ಕೈಹಾಕಿದ ಮಲೆನಾಡಿಗರಿಗೆ ಇದರ ಪ್ರಾತ್ಯಕ್ಷಿಕೆ ಆಗಿದೆ: ಮೊದಲು ಕಚ್ಚುತ್ತದೆ, ಆಮೇಲೆ ಅದೇ ಗಾಯಕ್ಕೆ ಹಿಂಬದಿ ಬಾಗಿಸಿ ಆಮ್ಲ ಬಿಡುತ್ತದೆ.

ಇಷ್ಟೆಲ್ಲ ದಾಖಲೆ ಕೈಯಲ್ಲಿದ್ದೂ ವಿದ್ವಾಂಸರು ತೆರವಿಗೆ ಕೈಹಾಕಲಿಲ್ಲ, ಅಕ್ರಮ-ಸಕ್ರಮ ಮಾಡಿದರು. ಒತ್ತುವರಿ ಸಹಿತವಾದ ಎದೆಗೆ ಮೀಸೋಸೋಮ ಎಂಬ ಹೊಸ ಖಾತೆ, ಉಳಿದ ಹೊಟ್ಟೆಗೆ ಮೆಟಾಸೋಮ, ಅದರಲ್ಲಿ ನಡುವನ್ನು ಕಳೆದ ದಪ್ಪ ಭಾಗಕ್ಕೆ ಗ್ಯಾಸ್ಟರ್. ಅಷ್ಟರಲ್ಲಿ ಬೆಂಕಿ ಇರುವೆ ಎರಡು ಗಂಟಿನ ನಡುವಿನೊಡನೆ ಹಾಜರಾಯಿತು. ಮೂರನೆಯ ಖಂಡವನ್ನೂ ಪೋಸ್ಟ್‌ಪೆಟಿಯೋಲ್ ಎಂದು ಪೋಡಿ ಮಾಡಬೇಕಾಯಿತು. ಹೀಗಾಗಿ ಚಗಳಿಯ ಗ್ಯಾಸ್ಟರ್ ಮೂರನೆಯ ಖಂಡದಿಂದ ಶುರುವಾದರೆ ಬೆಂಕಿ ಇರುವೆಯದು ನಾಲ್ಕನೆಯದರಿಂದ. ಎರಡರಲ್ಲಿ ಯಾವುದೇ ಇರುವೆ ಎದೆಯ ಮೇಲೆ ಕಾಲಿಟ್ಟು ಹೊಟ್ಟೆನೋವು ಎಂದರೆ ಅದು ಸುಳ್ಳು ಹೇಳುತ್ತಿಲ್ಲ.